ಬೋರ್ಡ್ ಹೋಗಿದೆ ಸಾರ್!

ಕನ್ನಡದ ಅತ್ಯಂತ ದುಬಾರಿ ವಾಕ್ಯ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ರೆಡಿ ಇದೆ. "ಬೋರ್ಡ್ ಹೋಗಿದೆ ಸಾರ್." ಮೂರೇ ಪದ. ಹೇಳೋಕೆ ಎರಡು ಸೆಕೆಂಡ್ ಸಾಕು. ಕೇಳಿಸಿಕೊಂಡವನ ಅಕೌಂಟಿನಿಂದ ಎಂಟೋ ಹತ್ತೋ ಸಾವಿರ ರೂಪಾಯಿ ಯುಪಿಐನಲ್ಲಿ ಹಾರಿಹೋಗೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು.

ಸಂದರ್ಭ ನಿಮಗೆ ಗೊತ್ತಿರುವಂಥದ್ದೇ. ಮೂರು ತಿಂಗಳು ಯೂಟ್ಯೂಬ್ ನೋಡಿ, ಎಕ್ಸೆಲ್ ಶೀಟಿನಲ್ಲಿ ಬೆಲೆ ಹೋಲಿಸಿ, ಒಂದೊಂದೇ ಭಾಗ ತರಿಸಿಕೊಂಡು, ಒಂದು ಭಾನುವಾರ ಊಟ ಮರೆತು ಕೂತು ಜೋಡಿಸಿದ ಪಿಸಿ. ಪವರ್ ಬಟನ್ ಒತ್ತಿದರೆ ಫ್ಯಾನುಗಳೆಲ್ಲ ಗಿರ್ರನೆ ತಿರುಗುತ್ತವೆ. ಆರ್‌ಜಿಬಿ ದೀಪಗಳು ದಸರಾ ಹೊತ್ತಿನ ಮೈಸೂರಿನ ಸರ್ಕಲ್ಲುಗಳ ಹಾಗೆ ಮಿನುಗುತ್ತವೆ. ಮಾನಿಟರ್ ಮಾತ್ರ "ನೋ ಸಿಗ್ನಲ್" ಅಂತ ಒಮ್ಮೆ ತೋರಿಸಿ ಕಣ್ಣು ಮುಚ್ಚಿಕೊಳ್ಳುತ್ತದೆ. ಅಥವಾ ಎರಡು ವರ್ಷ ಚೆನ್ನಾಗಿ ಓಡಿದ ಯಂತ್ರವೇ ಒಂದು ಬೆಳಿಗ್ಗೆ ಹೀಗೆ ಮುಷ್ಕರ ಹೂಡುತ್ತದೆ. ಆಮೇಲೇನು, ಕ್ಯಾಬಿನೆಟ್ಟನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಆಟೋದಲ್ಲಿ ಅಂಗಡಿಗೆ. ಅಲ್ಲಿ ಕೌಂಟರಿನ ಹುಡುಗ ವೈರ್ ಚುಚ್ಚಿ, ಬಟನ್ ಒತ್ತಿ, ಕಪ್ಪು ಪರದೆಯನ್ನು ಎರಡು ನಿಮಿಷ ದಿಟ್ಟಿಸಿ, ಆ ಮೂರು ಪದ ಹೇಳುತ್ತಾನೆ. ನಾವು ತಲೆಯಾಡಿಸುತ್ತೇವೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಆ ಥರ.

ನನ್ನ ಜಗಳ ಇರೋದು ಈ ತೀರ್ಪಿನ ಜೊತೆ. ಬೋರ್ಡುಗಳು ಸಾಯೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಸಾಯ್ತವೆ. ವಿದ್ಯುತ್ತಿನ ಏರುಪೇರಿಗೆ ಸಾಯ್ತವೆ, ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದು ಸಾಯ್ತವೆ. ಆದರೆ ಸತ್ತಿದೆ ಅಂತ ಹೇಳೋ ಮುಂಚೆ ನಾಡಿ ಹಿಡಿದು ನೋಡಬೇಕಲ್ಲ? "ಡಿಸ್‌ಪ್ಲೇ ಬರ್ತಿಲ್ಲ" ಅನ್ನೋದು ಒಂದು ಲಕ್ಷಣ, "ಹೊಟ್ಟೆನೋವು" ಅನ್ನೋ ಹಾಗೆ. ಹೊಟ್ಟೆನೋವು ಅಂತ ಹೋದವನನ್ನು ಮುಟ್ಟಿಯೂ ನೋಡದೆ ಸೀದಾ ಆಪರೇಷನ್ ಥಿಯೇಟರಿಗೆ ತಳ್ಳುವ ಡಾಕ್ಟರನ್ನು ನಾವು ಸುಮ್ಮನೆ ಬಿಡ್ತೀವಾ?

ಡಬ್ಬದೊಳಗೆ ಏನು ನಡೆಯುತ್ತೆ ಅಂತ ಒಮ್ಮೆ ನೋಡೋಣ. ಬಟನ್ ಒತ್ತಿದ ಕೂಡಲೇ ಎಸ್‌ಎಂಪಿಎಸ್ ಎಚ್ಚರಗೊಂಡು 12, 5 ಮತ್ತು 3.3 ವೋಲ್ಟಿನ ವಿದ್ಯುತ್ತನ್ನು ಕಳಿಸುತ್ತದೆ. ಅವು ಸ್ಥಿರವಾದ ಮೇಲೆ "ಪವರ್ ಗುಡ್" ಅನ್ನೋ ಒಂದು ಸಂಕೇತ ಬೋರ್ಡಿಗೆ ಹೋಗುತ್ತದೆ. ಅದು ಸಿಕ್ಕ ಮೇಲಷ್ಟೇ ಪ್ರೊಸೆಸರ್ ಕೆಲಸ ಶುರುಮಾಡಿ ಬಯಾಸ್ ಚಿಪ್ಪಿನಲ್ಲಿರುವ ಸೂಚನೆಗಳನ್ನು ಓದುವುದು. ಆ ಸೂಚನೆಯಂತೆ ರ‍್ಯಾಮ್ ಎಲ್ಲಿದೆ, ಎಷ್ಟಿದೆ ಅಂತ ಹುಡುಕಿ ಹದಕ್ಕೆ ತರುತ್ತದೆ. ಆಮೇಲೆ ಗ್ರಾಫಿಕ್ಸ್ ಕಾರ್ಡನ್ನು ಎಬ್ಬಿಸುತ್ತದೆ. ಪರದೆ ಬೆಳಗೋದು ಆಗ. ಈ ಇಡೀ ಸರದಿಗೆ ಪವರ್ ಆನ್ ಸೆಲ್ಫ್ ಟೆಸ್ಟ್, ಚಿಕ್ಕದಾಗಿ ಪೋಸ್ಟ್ ಅಂತ ಹೆಸರು.

ಅಂದರೆ ಡಿಸ್‌ಪ್ಲೇ ಅನ್ನೋದು ಮದುವೆಮನೆ ಪಂಕ್ತಿಯ ಕೊನೆಯ ಎಲೆ. ಅಡುಗೆಭಟ್ಟರು ಬಂದಿಲ್ಲದಿದ್ದರೂ, ಗ್ಯಾಸ್ ಖಾಲಿಯಾಗಿದ್ದರೂ, ಬಡಿಸುವವನು ನಡುವೆ ಜಾರಿಬಿದ್ದಿದ್ದರೂ ಆ ಎಲೆಯ ಮುಂದೆ ಕೂತವನಿಗೆ ಕಾಣೋದು ಒಂದೇ: ಅನ್ನ ಬಂದಿಲ್ಲ. ಅಷ್ಟನ್ನೇ ನೋಡಿ "ಕಲ್ಯಾಣಮಂಟಪವೇ ಸರಿಯಿಲ್ಲ, ಬೇರೆ ಬುಕ್ ಮಾಡಿ" ಅನ್ನೋದು ಎಂಥ ಬುದ್ಧಿವಂತಿಕೆ?

"ಫ್ಯಾನ್ ತಿರುಗ್ತಿದೆಯಲ್ಲ ಸಾರ್, ಎಸ್‌ಎಂಪಿಎಸ್ ಓಕೆ, ಹಂಗಾಗಿ ಬೋರ್ಡೇ" ಅನ್ನೋ ತರ್ಕವೂ ಇಲ್ಲಿ ನಿಲ್ಲಲ್ಲ. ಫ್ಯಾನಿಗೆ ಬೇಕಿರೋದು 12 ವೋಲ್ಟ್ ಅಷ್ಟೇ. ಪ್ರೊಸೆಸರ್ ಒಂದಕ್ಷರ ಓದದೇ ಇದ್ದರೂ ಫ್ಯಾನ್ ತಿರುಗಬಹುದು, ದೀಪ ಉರಿಯಬಹುದು. ಫ್ಯಾನ್ ತಿರುಗೋ ಎಸ್‌ಎಂಪಿಎಸ್ಸೇ ಲೋಡ್ ಬಿದ್ದಾಗ ಕುಸಿಯಲೂಬಹುದು.

ಸರಿ, ಬೋರ್ಡ್ ಅಲ್ಲದಿದ್ದರೆ ಇನ್ನೇನಿರಬಹುದು? ಈ ಪಟ್ಟಿಯನ್ನು ಸುಮ್ಮನೆ ಓದಿಕೊಳ್ಳಿ, ಪ್ರತಿಯೊಂದರ ಪಕ್ಕ ಖರ್ಚೆಷ್ಟು ಅಂತ ಮನಸ್ಸಿನಲ್ಲೇ ಬರೆದುಕೊಳ್ಳುತ್ತಾ ಹೋಗಿ.

ಕೇಬಲ್. ಮಾನಿಟರಿನಲ್ಲಿ ಬೇರೆ ಇನ್‌ಪುಟ್ ಆಯ್ಕೆಯಾಗಿರಬಹುದು. ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡು ಎಚ್‌ಡಿಎಂಐ ವೈರನ್ನು ಮಾತ್ರ ಬೋರ್ಡಿನ ಕಿಂಡಿಗೆ ಚುಚ್ಚಿರಬಹುದು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರುಗಳಲ್ಲಿ, ಐ5-12400ಎಫ್ ಥರದವುಗಳಲ್ಲಿ, ಒಳಗೆ ಗ್ರಾಫಿಕ್ಸ್ ಇರೋದೇ ಇಲ್ಲ. ಎಎಂಡಿಯ ರೈಝನ್ 5 5600 ಕೂಡ ಹಾಗೇ, 5600ಜಿಯಲ್ಲಿ ಇದೆ. ಇಂಥ ಪ್ರೊಸೆಸರ್ ಹಾಕಿ ಬೋರ್ಡಿನ ಕಿಂಡಿಗೆ ವೈರ್ ಕೊಟ್ಟರೆ ಏಳು ಜನ್ಮ ಕಾದರೂ ಚಿತ್ರ ಬರಲ್ಲ.

ಪ್ರೊಸೆಸರಿನ ಪವರ್. ಬೋರ್ಡಿಗೆ ಹೋಗುವ 24 ಪಿನ್ನಿನ ದಪ್ಪ ಕನೆಕ್ಟರ್ ಒಂದೇ ಅಲ್ಲ, ಪ್ರೊಸೆಸರಿಗೆ ಅಂತಲೇ 8 ಪಿನ್ನಿನ ಇನ್ನೊಂದು ಇರುತ್ತೆ, ಸಾಮಾನ್ಯವಾಗಿ ಬೋರ್ಡಿನ ಮೇಲಿನ ಎಡಮೂಲೆಯಲ್ಲಿ. ಅದನ್ನು ಮರೆತರೆ ಫ್ಯಾನ್, ಲೈಟ್ ಎಲ್ಲ ಬರಬಹುದು, ಪ್ರೊಸೆಸರ್ ಮಾತ್ರ ಉಪವಾಸ.

ರ‍್ಯಾಮ್. ಕ್ಲಿಕ್ ಅನ್ನೋವರೆಗೆ ಒತ್ತದೆ ಅರ್ಧಕ್ಕೇ ಕೂತಿರಬಹುದು. ನಾಲ್ಕು ಸ್ಲಾಟ್ ಇದ್ದು ಎರಡೇ ರ‍್ಯಾಮ್ ಇದ್ದರೆ ಹೆಚ್ಚಿನ ಬೋರ್ಡುಗಳಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಒಂದೇ ರ‍್ಯಾಮ್ ಇಟ್ಟು ನೋಡೋದು, ಅದನ್ನು ತೆಗೆದು ಇನ್ನೊಂದನ್ನು ಇಟ್ಟು ನೋಡೋದು, ಸ್ಲಾಟ್ ಬದಲಿಸಿ ನೋಡೋದು, ಇಷ್ಟಕ್ಕೆ ಹತ್ತು ನಿಮಿಷ ಸಾಕು. ಇನ್ನು ಡಿಡಿಆರ್5 ರ‍್ಯಾಮಿನ ಹೊಸ ಎಎಂಡಿ ಬೋರ್ಡುಗಳದ್ದು ಬೇರೆಯೇ ಕಥೆ. ಮೊದಲ ಸಲ ಆನ್ ಮಾಡಿದಾಗ ರ‍್ಯಾಮನ್ನು ಪಳಗಿಸಿಕೊಳ್ಳೋಕೆ ಅವು ಹಲವು ನಿಮಿಷ ಕಪ್ಪು ಪರದೆಯಲ್ಲೇ ಇರಬಹುದು. ನಮ್ಮ ತಾಳ್ಮೆ ಅರ್ಧ ನಿಮಿಷದ್ದು. ಆಫ್ ಮಾಡ್ತೀವಿ, ಮತ್ತೆ ಆನ್ ಮಾಡ್ತೀವಿ, ಮತ್ತೆ ಮೊದಲಿನಿಂದ ಶುರು.

ಬಯಾಸ್. ಬಿ450 ಬೋರ್ಡುಗಳು ಬಂದದ್ದು 2018ರಲ್ಲಿ, ರೈಝನ್ 5000 ಸರಣಿ ಬಂದದ್ದು 2020ರ ನವೆಂಬರಿನಲ್ಲಿ. ಸಾಕೆಟ್ ಒಂದೇ, ಪ್ರೊಸೆಸರ್ ಸಲೀಸಾಗಿ ಕೂರುತ್ತದೆ. ಆದರೆ ಹಳೇ ಸ್ಟಾಕಿನ ಬೋರ್ಡಿನ ಬಯಾಸಿಗೆ ಈ ಹೊಸಬನ ಪರಿಚಯವೇ ಇಲ್ಲ. ಅಲ್ಲಿ ಯಾರೂ ಸತ್ತಿಲ್ಲ, ಯಾರದೂ ಕೆಟ್ಟಿಲ್ಲ. ಬಯಾಸ್ ಅಪ್‌ಡೇಟ್ ಮಾಡಿದರೆ ಮುಗೀತು. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಅಪ್‌ಡೇಟ್ ಮಾಡೋಕೆ ಹಿಂದುಗಡೆ ಒಂದು ಬಟನ್ನೇ ಇರುತ್ತದೆ.

ಸೆಟ್ಟಿಂಗ್. ರ‍್ಯಾಮಿನ ವೇಗ ಏರಿಸಹೋಗಿ ಬಯಾಸ್ ಮುಗ್ಗರಿಸಿದ್ದರೆ, ಪ್ಲಗ್ ಕಿತ್ತು ಸಿಆರ್2032 ಅನ್ನೋ ಆ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟು ಹಾಕಿದರೆ ಹಳೇ ಸ್ಥಿತಿಗೆ ಬರುತ್ತದೆ.

ಕೊನೆಯದು ಕ್ಯಾಬಿನೆಟ್. ಬೋರ್ಡಿನ ಕೆಳಗೆ ತಪ್ಪು ಜಾಗದಲ್ಲಿ ಒಂದು ಹಿತ್ತಾಳೆ ಸ್ಕ್ರೂ ಉಳಿದುಕೊಂಡಿದ್ದರೆ ಶಾರ್ಟ್ ಆಗುತ್ತದೆ. ಅದಕ್ಕೆ ಬೋರ್ಡನ್ನು ಹೊರತೆಗೆದು, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೇ ಇಟ್ಟು, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟನ್ನೇ ಜೋಡಿಸಿ ನೋಡಬೇಕು. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡೂ ಸೇರಲಿ. ಡಿಸ್‌ಪ್ಲೇ ಬಂತಾ? ಹಾಗಾದರೆ ಒಂದೊಂದೇ ಭಾಗ ವಾಪಸ್ ಸೇರಿಸುತ್ತಾ ಹೋಗಿ, ಯಾವುದು ಸೇರಿದಾಗ ಕೈಕೊಡುತ್ತೋ ಅದೇ ಕಳ್ಳ.

ಲೆಕ್ಕ ಹಾಕಿದ್ರಾ? ಆರು ಕಾರಣ. ಆರನ್ನೂ ಪರೀಕ್ಷಿಸುವ ಖರ್ಚು ಸೊನ್ನೆ ರೂಪಾಯಿ, ಬೇಕಾದದ್ದು ಒಂದು ಸ್ಕ್ರೂಡ್ರೈವರ್. ಇವೆಲ್ಲ ಮುಗಿದ ಮೇಲೆ ಏಳನೆಯದು, ಚೆನ್ನಾಗಿರುವ ಬೇರೆ ರ‍್ಯಾಮ್, ಬೇರೆ ಎಸ್‌ಎಂಪಿಎಸ್, ಬೇರೆ ಪ್ರೊಸೆಸರ್ ಹಾಕಿ ಒಂದೊಂದಾಗಿ ನೋಡೋದು. ಅದಕ್ಕೆ ಅಂಗಡಿ ಬೇಕು, ಯಾಕೆಂದರೆ ಮನೆಯಲ್ಲಿ ಎರಡನೇ ಎಸ್‌ಎಂಪಿಎಸ್ ಯಾರೂ ಇಟ್ಟುಕೊಂಡಿರಲ್ಲ. "ಬೋರ್ಡ್ ಹೋಗಿದೆ" ಅನ್ನೋ ಮಾತು ಬರಬೇಕಾದದ್ದು ಎಂಟನೇ ಸ್ಥಾನದಲ್ಲಿ. ನಮ್ಮಲ್ಲಿ ಅದು ಮೊದಲನೇ ಸ್ಥಾನದಲ್ಲೇ ಬಂದು ಕೂತುಬಿಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯೋ ಚಿಕಿತ್ಸೆ ಇದು.

ಇದರ ಬೆಲೆ ಏನು ಅಂತ ಹೇಳೋಕೆ ನನ್ನ ಗೆಳೆಯನೊಬ್ಬನ ಉದಾಹರಣೆ ಕೊಡ್ತೀನಿ. ಮದುವೆ ವಿಡಿಯೋ ಎಡಿಟ್ ಮಾಡಿ ಬದುಕುವವನು. ಬಿಟಿಎಂನಿಂದ ಯಲಹಂಕಕ್ಕೆ ಮನೆ ಬದಲಿಸಿದ. ಪಿಸಿ ಗೂಡ್ಸ್ ಆಟೋದಲ್ಲಿ, ಫ್ರಿಜ್ಜು ಹಾಸಿಗೆಗಳ ನಡುವೆ, ನಮ್ಮ ರಸ್ತೆಗಳ ಗುಂಡಿಗಳನ್ನೆಲ್ಲ ಎಣಿಸಿಕೊಂಡು ಬಂತು. ಮಾರನೇ ದಿನ ಡಿಸ್‌ಪ್ಲೇ ಇಲ್ಲ. ಹತ್ತಿರದ ಅಂಗಡಿಯಲ್ಲಿ ಅದೇ ಮೂರು ಪದ, ಜೊತೆಗೆ ಒಂದು ಸಂಖ್ಯೆ: 11,000. ಈ ಬೋರ್ಡ್ ಈಗ ಬರಲ್ಲ, ಹೊಸದಕ್ಕೆ ಪ್ರೊಸೆಸರೂ ಬದಲಿಸಿದರೆ ಒಳ್ಳೇದು ಅನ್ನೋ ಸಲಹೆ ಬೇರೆ. ಎರಡು ಮದುವೆಗಳ ವಿಡಿಯೋ ಬಾಕಿ ಇತ್ತು, ಇವನು ದುಡ್ಡು ಹೊಂದಿಸೋಕೆ ಶುರು ಮಾಡಿದ್ದ. ಯಾರೋ ಹೇಳಿದರು ಅಂತ ಎಸ್.ಪಿ. ರೋಡಿನ ಒಂದು ಗಲ್ಲಿಯಲ್ಲಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಕೊನೇ ಪ್ರಯತ್ನಕ್ಕೆ ಹೋದ. ಅವರು ಮೊದಲು ಕೇಳಿದ ಪ್ರಶ್ನೆ, "ಇದನ್ನ ಎಲ್ಲಾದ್ರೂ ಸಾಗಿಸಿದ್ರಾ?" ಗ್ರಾಫಿಕ್ಸ್ ಕಾರ್ಡ್ ತನ್ನದೇ ಭಾರಕ್ಕೆ ಸ್ಲಾಟಿನಿಂದ ಒಂದು ಕೂದಲೆಳೆಯಷ್ಟು ಎದ್ದಿತ್ತು. ತೆಗೆದು, ಒರೆಸಿ, ಒತ್ತಿ, ಸ್ಕ್ರೂ ಬಿಗಿದರು. ಇಪ್ಪತ್ತು ನಿಮಿಷ. ಮುನ್ನೂರು ರೂಪಾಯಿ ಕೇಳಿದರು.

ಇವನು ಏನಂದ ಗೊತ್ತಾ? "ಬರೀ ಕಾರ್ಡ್ ತೆಗೆದು ಹಾಕಿದ್ದಕ್ಕೆ ಮುನ್ನೂರಾ?"

ಹನ್ನೊಂದು ಸಾವಿರಕ್ಕೆ ಚೌಕಾಸಿ ಇಲ್ಲ, ಮುನ್ನೂರಕ್ಕೆ ಇದೆ. ಯಾಕೆಂದರೆ ಹನ್ನೊಂದು ಸಾವಿರಕ್ಕೆ ಕೈಗೆ ಒಂದು ಪೆಟ್ಟಿಗೆ ಬರುತ್ತೆ, ಸೀಲ್ ಒಡೆಯದ ಹೊಸ ಪೆಟ್ಟಿಗೆ. ಮುನ್ನೂರಕ್ಕೆ ಬಂದದ್ದು ಒಬ್ಬ ಮನುಷ್ಯನ ಮೂವತ್ತು ವರ್ಷದ ತಿಳಿವಳಿಕೆ, ಅದು ಕಣ್ಣಿಗೆ ಕಾಣಲ್ಲ. ಈ ಇಡೀ ರೋಗದ ಮೂಲ ಇರೋದು ಇಲ್ಲೇ ಅಂತ ನನ್ನ ವಾದ. ಕೌಂಟರಿನ ಹುಡುಗನನ್ನು ಕಳ್ಳ ಅಂತ ಕರೆಯೋದು ಸುಲಭ. ಆದರೆ ಅವನ ಜಾಗದಲ್ಲಿ ನಿಂತು ನೋಡಿ. ಒಂದು ಗಂಟೆ ಕೂತು ಕಾರಣ ಹುಡುಕಿದರೆ ಗಿರಾಕಿ ನೂರು ರೂಪಾಯಿ ಕೊಡೋಕೂ ಮುಖ ಸಿಂಡರಿಸ್ತಾನೆ. ಎರಡು ನಿಮಿಷದಲ್ಲಿ ಬೋರ್ಡ್ ಮಾರಿದರೆ ಲಾಭವೂ ಬರುತ್ತೆ, ಗಿರಾಕಿ ಥ್ಯಾಂಕ್ಸ್ ಕೂಡ ಹೇಳ್ತಾನೆ. ಯೋಚಿಸುವ ಕೆಲಸಕ್ಕೆ ಕೂಲಿ ಕೊಡದ ಊರಿನಲ್ಲಿ ಯಾರು ಯಾಕಾದರೂ ಯೋಚಿಸಬೇಕು?

ಅದರಲ್ಲೂ ಹೀಗೆ ಮಾಡುತ್ತಿರುವವರು ಯಾರು? ನಾವು. ಆಫೀಸಿನಲ್ಲಿ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಲಾಗ್ ತೆಗೆದು, ಯಾವ ಡಿಪ್ಲಾಯ್‌ಮೆಂಟ್ ಆದ ಮೇಲೆ ಬಿತ್ತು ಅಂತ ಹುಡುಕಿ, ಬೆಳಿಗ್ಗೆ ರೂಟ್ ಕಾಸ್ ಅನಾಲಿಸಿಸ್ ಅಂತ ಎಂಟು ಪುಟದ ಡಾಕ್ಯುಮೆಂಟ್ ಬರೆಯುವ ಜನ. ಟೀಮಿನ ಜೂನಿಯರ್ ಬಂದು "ಸರ್ವರ್ ಹೋಗಿದೆ ಸಾರ್, ಹೊಸದು ತಗೊಳ್ಳಿ" ಅಂದರೆ ಅವನ ಅಪ್ರೈಸಲ್ ಅಲ್ಲಿಗೇ ಮುಗೀತು. ಲೆಕ್ಕಪತ್ರ ನೋಡುವವರಾದರೆ ಹತ್ತು ರೂಪಾಯಿ ಟ್ಯಾಲಿ ಆಗದಿದ್ದರೆ ಮನೆಗೆ ಹೋಗಲ್ಲ. ಇದೇ ನಾವು ಮನೆಯ ಡಬ್ಬದ ಮುಂದೆ ಬಂದ ಕೂಡಲೇ ಆ ಬುದ್ಧಿಯನ್ನು ಚಪ್ಪಲಿ ಸ್ಟ್ಯಾಂಡಿನಲ್ಲೇ ಬಿಟ್ಟು ಒಳಗೆ ಬರ್ತೀವಿ. ನಮ್ಮ ಅಮ್ಮಂದಿರು ಇದಕ್ಕಿಂತ ಮೇಲು. ಮಿಕ್ಸಿ ನಿಂತರೆ ಮೊದಲು ಅದನ್ನು ಬುಡಮೇಲು ಮಾಡಿ ಕೆಳಗಿನ ಕೆಂಪು ಬಟನ್ ಒತ್ತಿ ನೋಡ್ತಾರೆ. ಓವರ್‌ಲೋಡ್ ಅಂತ ಹೆಸರು ಗೊತ್ತಿಲ್ಲದಿದ್ದರೂ, ರಿಪೇರಿಯವನ ಹತ್ತಿರ ಹೋಗೋ ಮುಂಚೆ ಮಾಡಬೇಕಾದ್ದು ಒಂದಿದೆ ಅಂತ ಅವರಿಗೆ ಗೊತ್ತು.

ಗಿರಾಕಿಯನ್ನು ಬೈದದ್ದಾಯ್ತು. ಈಗ ಬೋರ್ಡ್ ಮಾಡುವವರ ಕಡೆಗೆ ಬರೋಣ. ಆ ಮಿಕ್ಸಿಗೆ ಒಂದು ಕೆಂಪು ಬಟನ್ ಕೊಡುವಷ್ಟು ಸೌಜನ್ಯ ಅದನ್ನು ಮಾಡಿದವನಿಗಿತ್ತು. ಪಿಸಿ ಲೋಕದಲ್ಲಿ ಆಗಿರೋದು ಉಲ್ಟಾ.

1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಮೊದಲ ಪಿಸಿ ಬಿಡುಗಡೆ ಮಾಡಿದಾಗ ಅದರೊಳಗೊಂದು ಸ್ಪೀಕರ್ ಇತ್ತು. ಆನ್ ಮಾಡಿ, ಎಲ್ಲ ಸರಿಯಿದ್ದರೆ ಒಂದು ಗಿಡ್ಡ ಬೀಪ್. ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡಿನ ಕಡೆ ತೊಂದರೆ ಅಂತ. ಪರದೆ ಇಲ್ಲದಿದ್ದರೂ ಯಂತ್ರ ಬಾಯಿಬಿಟ್ಟು ಎಲ್ಲಿ ನೋಯ್ತಿದೆ ಅಂತ ಹೇಳ್ತಿತ್ತು. ಅದೇ ಕಂಪನಿ ಮಾರುತ್ತಿದ್ದ ಟೆಕ್ನಿಕಲ್ ರೆಫರೆನ್ಸ್ ಪುಸ್ತಕದಲ್ಲಿ ಬೋರ್ಡಿನ ಸರ್ಕ್ಯೂಟ್ ನಕ್ಷೆಯೂ ಬಯಾಸಿನ ಪೂರ್ತಿ ಕೋಡೂ ಅಚ್ಚಾಗಿತ್ತು. ಐಬಿಎಂ ದಾನಧರ್ಮದ ಸಂಸ್ಥೆಯೇನಲ್ಲ. ಆದರೂ ಕೊಂಡವನಿಗೆ ಒಳಗೇನಿದೆ ಅಂತ ತಿಳಿಯುವ ಅಧಿಕಾರ ಇದೆ ಅನ್ನೋದು ಆಗ ಸಾಮಾನ್ಯ ಮಾತಾಗಿತ್ತು.

ಇವತ್ತು? ಬೋರ್ಡಿನ ಮೂಲೆಯಲ್ಲಿ ಸ್ಪೀಕರಿಗೆ ಅಂತ ನಾಲ್ಕು ಪಿನ್ ಇನ್ನೂ ಇರುತ್ತವೆ. ಸ್ಪೀಕರ್ ಮಾತ್ರ ಬಾಕ್ಸಿನಲ್ಲಿ ಬರಲ್ಲ. ಒಂದು ಮಸಾಲೆದೋಸೆಯ ದುಡ್ಡಿಗೆ ಸಿಗುವ ಪುಟ್ಟ ಬಝರ್ ಅದು. ಅದರ ಬದಲು ಬಂದಿರೋದು ಡಿಬಗ್ ಎಲ್‌ಇಡಿ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಚಿಕ್ಕ ದೀಪ. ಯಾವುದು ಉರಿದು ನಿಲ್ಲುತ್ತೋ ಅಲ್ಲಿ ಸಮಸ್ಯೆ. ನಿಜಕ್ಕೂ ಒಳ್ಳೇ ವ್ಯವಸ್ಥೆ, ಬೀಪ್ ಎಣಿಸೋದಕ್ಕಿಂತ ಸುಲಭ. ಆದರೆ ಕಡಿಮೆ ಬೆಲೆಯ ಎಷ್ಟೋ ಬೋರ್ಡುಗಳಲ್ಲಿ ಆ ನಾಲ್ಕು ದೀಪ ಇಲ್ಲ. ಎಲ್ಲಿ ನಿಂತಿದೆ ಅಂತ ಎರಡಂಕಿಯ ಕೋಡ್ ತೋರಿಸುವ ಡಿಸ್‌ಪ್ಲೇ ಬೇಕೆಂದರೆ ಸಾಮಾನ್ಯವಾಗಿ ದುಬಾರಿ ಸಾಲಿಗೇ ಹೋಗಬೇಕು. ಅಂದರೆ ಮೂವತ್ತು ಸಾವಿರದ ಬೋರ್ಡ್ ಕೊಂಡವನಿಗೆ ಯಂತ್ರ ಮಾತಾಡುತ್ತೆ. ಆರು ಸಾವಿರದ ಬೋರ್ಡ್ ಕೊಂಡ ಹಾಸನದ ಇಂಜಿನಿಯರಿಂಗ್ ಹುಡುಗಿಗೆ ಅದು ಮೂಕ. ದುಡ್ಡು ಉಳಿಸಿ ತಾನೇ ಜೋಡಿಸಿದ, ಇನ್ನೊಂದು ಬೋರ್ಡಿಗೆ ಮನೆಯಲ್ಲಿ ಕೇಳಲಾರದ, ಊರಲ್ಲಿ ಹತ್ತು ಅಂಗಡಿ ಇರದ ಅವಳಿಗೇ ಆ ದೀಪಗಳು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವು.

ಖರ್ಚು ಜಾಸ್ತಿಯಾಗುತ್ತೆ ಅಂತ ಕಂಪನಿಗಳು ಹೇಳೋಹಾಗಿಲ್ಲ. ಅಗ್ಗದ ಬೋರ್ಡುಗಳಲ್ಲೂ ಕೆಲವರು ಆ ದೀಪ ಕೊಟ್ಟಿದ್ದಾರೆ, ಅವರೇನೂ ಮುಳುಗಿಲ್ಲ. ಅಷ್ಟಕ್ಕೂ ಮೈತುಂಬ ಬಣ್ಣದ ದೀಪ ಹೊಳೆಸೋಕೆ ಬೋರ್ಡಿನಲ್ಲಿ ಎರಡು ಮೂರು ಆರ್‌ಜಿಬಿ ಕನೆಕ್ಟರಿಗೆ ಜಾಗ ಇದೆಯಲ್ಲ. ಕುಣಿಯೋಕೆ ದೀಪ ಉಂಟು, ನೋವು ಹೇಳಿಕೊಳ್ಳೋಕೆ ಇಲ್ಲ.

ಇದರ ಮೇಲೆ ಸ್ಕ್ರೂ ಮೇಲಿನ ಆ ಚಿಕ್ಕ ಸ್ಟಿಕರ್. "ಇದನ್ನು ತೆಗೆದರೆ ವಾರಂಟಿ ರದ್ದು." ನಮ್ಮಲ್ಲಿ ಅರ್ಧ ಜನ ಡಬ್ಬ ಮುಟ್ಟದಿರೋದು ಈ ಹೆದರಿಕೆಗೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲೇ ಆರು ಕಂಪನಿಗಳಿಗೆ, ಸ್ಟಿಕರ್ ಹರಿದ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವ ಷರತ್ತು ಸಾಮಾನ್ಯವಾಗಿ ಅಲ್ಲಿನ ಕಾನೂನಿಗೆ ವಿರುದ್ಧ ಅಂತ ಎಚ್ಚರಿಕೆಯ ಪತ್ರ ಬರೆಯಿತು. 2024ರ ಜುಲೈನಲ್ಲಿ ಮತ್ತೆ ಪತ್ರ ಹೋಯಿತು. ಈ ಸಲ ಹೋದದ್ದು ಗೇಮಿಂಗ್ ಪಿಸಿಯ ಭಾಗಗಳನ್ನು ಮಾರುವ ಎಎಸ್‌ರಾಕ್, ಗಿಗಾಬೈಟ್ ಮತ್ತು ಝೋಟ್ಯಾಕ್ ಕಂಪನಿಗಳಿಗೆ. ಅಲ್ಲಿನ ಕಾನೂನು ಇಲ್ಲಿ ನಡೆಯಲ್ಲ, ನಿಜ. ಆದರೆ ಆ ಸ್ಟಿಕರ್ ವೇದವಾಕ್ಯ ಅಲ್ಲ ಅನ್ನೋದಾದರೂ ಗೊತ್ತಿರಲಿ. ಅದಕ್ಕಿಂತ ಮುಖ್ಯ, ಪಿಸಿಯನ್ನು ನೀವೇ ಜೋಡಿಸಿದ್ದರೆ ರ‍್ಯಾಮ್ ತೆಗೆದು ಹಾಕೋದಕ್ಕೆ, ಬ್ಯಾಟರಿ ಕಳಚೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮಾಡಿ ಅಂತ ಬೋರ್ಡಿನ ಮ್ಯಾನುಯಲ್ಲೇ ಹೇಳುತ್ತದೆ.

ನಮ್ಮ ದೇಶದಲ್ಲೂ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ಕ್ಷೇತ್ರ ಗುರುತಿಸಿತು. ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ಲೂ ಬಂತು. ಒಳ್ಳೇ ಶುರು. ಆದರೆ ರಿಪೇರಿ ಹಕ್ಕು ಅಂದ ಕೂಡಲೇ ಎಲ್ಲರೂ ಮಾತಾಡೋದು ಬಿಡಿಭಾಗ ಸಿಗಬೇಕು, ಸರ್ವಿಸ್ ಸೆಂಟರ್ ಬೇಕು ಅಂತ. ಅದಕ್ಕೂ ಮುಂಚಿನ ಹಕ್ಕೊಂದಿದೆ: ಏನು ಕೆಟ್ಟಿದೆ ಅಂತ ತಿಳಿಯುವ ಹಕ್ಕು. ಅದಿಲ್ಲದಿದ್ದರೆ ಬಿಡಿಭಾಗ ಎಷ್ಟು ಸಿಕ್ಕಿದರೇನು, ತಪ್ಪು ಭಾಗವನ್ನೇ ಕೊಂಡುಕೊಳ್ತೀವಿ. ಆ ಕಡೆ ಚೆನ್ನಾಗಿರೋ ಬೋರ್ಡ್ ಗುಜರಿಗೆ ಹೋಗುತ್ತೆ. ಇ-ತ್ಯಾಜ್ಯಕ್ಕೆ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೂ ಗುಜರಿಯ ದಾರಿ ಹಿಡಿದ ಬೋರ್ಡಿನಿಂದ ಚೂರು ಚಿನ್ನ ತೆಗೆಯೋಕೆ ಬರಿಗೈಯಲ್ಲಿ ಆಸಿಡ್ ಹಿಡಿಯುವವರು ಇರುವವರೆಗೆ, ಕಾರಣ ಕೇಳದೆ ಎಸೆದ ಪ್ರತಿ ಬೋರ್ಡಿಗೂ ನಮ್ಮ ಜೇಬಿನ ಆಚೆ ಇನ್ನೊಂದು ಬೆಲೆ ಇದೆ.

ಈಗ ನಿಮ್ಮ ಆಕ್ಷೇಪಣೆಗಳು. ನನಗೆ ಕೇಳಿಸ್ತಿವೆ.

"ನನ್ನ ಟೈಮಿಗೂ ಬೆಲೆ ಇದೆ ಮಾರಾಯ್ರೇ." ಇದೆ, ಒಪ್ಪಿದೆ. ಅಂಗಡಿಗೆ ಹೋಗಿ ಬರೋಕೆ ನಿಮ್ಮ ಊರಿನ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು? ಮೇಲಿನ ಮೊದಲ ಐದು ಪರೀಕ್ಷೆಗೆ ಒಂದು ಗಂಟೆಯೂ ಬೇಡ, ಸಿಲ್ಕ್ ಬೋರ್ಡ್ ದಾಟೋ ಹೊತ್ತಿಗೆ ಮುಗಿಯುತ್ತೆ. ಬೇಡ ಅಂದರೆ ಬೇಡ, ದುಡ್ಡು ಕೊಟ್ಟೇ ಮಾಡಿಸಿ. ಆದರೆ ಪರೀಕ್ಷೆಗೆ ಅಂತ ದುಡ್ಡು ಕೊಡಿ.

"ಏನಾದ್ರೂ ಸುಟ್ಟುಹೋದ್ರೆ?" ಭಯ ಸರಿಯಾದದ್ದೇ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರಬಹುದು. ಪ್ರೊಸೆಸರ್ ಸಾಕೆಟ್ಟಿನ ಪಿನ್ನುಗಳಿಗೆ ಬೆರಳು ತಾಗಿಸಬೇಡಿ. ಉಳಿದದ್ದೆಲ್ಲ ಪ್ಲಗ್ ಕಿತ್ತು, ಲೋಹದ ಕ್ಯಾಬಿನೆಟ್ ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ ಇಳಿಸಿಕೊಂಡು ಮಾಡಬಹುದಾದ ಕೆಲಸ. ಹೇಗೂ ಜೋಡಿಸಿದವರು ನೀವೇ ಅಲ್ಲವೇ? ಜೋಡಿಸಿದ ಕೈಗೆ ಬಿಚ್ಚೋದು ಯಾಕೆ ಹೆದರಿಕೆ?

"ಇದೆಲ್ಲ ಹವ್ಯಾಸದವರ ಚಟ, ಲ್ಯಾಪ್‌ಟಾಪ್ ತಗೊಂಡು ನೆಮ್ಮದಿಯಾಗಿರಬಹುದಲ್ಲ?" ಇರಬಹುದು. ಆದರೆ ಮನೆಯಲ್ಲಿ ಜೋಡಿಸಿದ ಪಿಸಿ ಅನ್ನೋದು ಸಾಮಾನ್ಯ ಮನುಷ್ಯನೊಬ್ಬ ಒಂದು ಕಂಪ್ಯೂಟರನ್ನು ತನ್ನ ಕೈಯಾರೆ ಬಿಚ್ಚಿ, ಕೆಟ್ಟದ್ದನ್ನಷ್ಟೇ ಬದಲಿಸಿ, ಮತ್ತೆ ಓಡಿಸಬಹುದಾದ ಕೊನೆಯ ಕೆಲವು ಜಾಗಗಳಲ್ಲಿ ಒಂದು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆ, ಅಲ್ಲಿ ಕೇಳೋ ಪ್ರಶ್ನೆಯೇ ಉಳಿದಿಲ್ಲ. ಪ್ರಶ್ನೆ ಕೇಳಬಹುದಾದ ಕಡೆಯೂ ನಾವು ಕೇಳದೆ ಹೋದರೆ ಈ ಜಾಗವನ್ನೂ ಬೆಸೆದು ಮುಚ್ಚೋಕೆ ಅವರಿಗೆ ಎಷ್ಟು ಹೊತ್ತು?

ಹಾಗಾಗಿ ನನ್ನ ಬೇಡಿಕೆ ಮೂರು ಕಡೆಗೆ.

ಬೋರ್ಡ್ ಮಾಡುವವರಿಗೆ: ಅತಿ ಅಗ್ಗದ ಮಾಡೆಲ್ಲಿನಲ್ಲೂ ಆ ನಾಲ್ಕು ದೀಪ ಇರಲಿ, ಬಾಕ್ಸಿನಲ್ಲಿ ಒಂದು ಬಝರ್ ಇರಲಿ. ಯಾವ ಬೀಪಿಗೆ ಏನರ್ಥ ಅಂತ ಮ್ಯಾನುಯಲ್ಲಿನಲ್ಲಿ ಅಚ್ಚಾಗಲಿ.

ಅಂಗಡಿಯವರಿಗೆ: ಪರೀಕ್ಷೆಗೆ ಪ್ರತ್ಯೇಕ ಶುಲ್ಕ ಅಂತ ದೊಡ್ಡದಾಗಿ ಬೋರ್ಡ್ ಹಾಕಿ, ನಾಚಿಕೆ ಬೇಡ. ಆದರೆ ಯಾವ ಯಾವ ಭಾಗ ಬದಲಿಸಿ ನೋಡಿದಿರಿ, ಏನಾಯ್ತು ಅಂತ ನಾಲ್ಕು ಸಾಲು ಬರೆದುಕೊಡಿ. ಕೆಟ್ಟಿದೆ ಅಂದ ಭಾಗವನ್ನು ಗಿರಾಕಿಗೆ ವಾಪಸ್ ಕೊಡಿ.

ನಮಗೆ: ಅಂಗಡಿಗೆ ಕೊಡೋ ಮುಂಚೆ ಒಂದು ಗಂಟೆ ಕೂತು ನೋಡೋದು. ಕೊಡುವುದೇ ಆದರೆ ಸಾಕೆಟ್ಟಿನ ಪಿನ್ನುಗಳ ಸ್ಪಷ್ಟ ಫೋಟೋ, ಸೀರಿಯಲ್ ನಂಬರಿನ ಫೋಟೋ ಇಟ್ಟುಕೊಳ್ಳೋದು. ಬೋರ್ಡಿಗೆ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಇರುತ್ತೆ, "ಪಿನ್ ಬಾಗಿದೆ, ಕೊಡಲ್ಲ" ಅಂತ ಸರ್ವಿಸ್ ಸೆಂಟರ್ ಅಂದ ದಿನ ಆ ಫೋಟೋ ಬೇಕಾಗುತ್ತೆ. ಆಮೇಲೆ, ಕಾರಣ ಹುಡುಕಿಕೊಟ್ಟವನಿಗೆ ಕೇಳಿದಷ್ಟು ದುಡ್ಡನ್ನು ಗೊಣಗದೆ ಕೊಡೋದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಇಲ್ಲಿ ಪ್ರತ್ಯಕ್ಷ ಕಂಡಿರೋದು ಒಂದು ಕಪ್ಪು ಪರದೆ ಅಷ್ಟೇ. ಮುಂದಿನ ಸಲ ಯಾರಾದರೂ "ಬೋರ್ಡ್ ಹೋಗಿದೆ ಸಾರ್" ಅಂದಾಗ ಜಗಳ ಬೇಡ, ಗೂಗಲ್ ಪೇ ಕೂಡ ಬೇಡ. ನಿಧಾನಕ್ಕೆ, ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿ: "ಯಾವ ಟೆಸ್ಟಿನಲ್ಲಿ ಗೊತ್ತಾಯ್ತು?" ಉತ್ತರ ಬಂದರೆ ಕೂತು ಕೇಳಿಸಿಕೊಳ್ಳಿ, ಆ ಮನುಷ್ಯನ ನಂಬರ್ ಸೇವ್ ಮಾಡಿಕೊಳ್ಳಿ, ನಾಲ್ಕು ಜನಕ್ಕೆ ಹೇಳಿ. ಉತ್ತರ ಬರದಿದ್ದರೆ ಕ್ಯಾಬಿನೆಟ್ ಎತ್ತಿಕೊಳ್ಳಿ, ಆಟೋ ಹಿಡಿಯಿರಿ. ಮನೆಯಲ್ಲಿ ಸ್ಕ್ರೂಡ್ರೈವರ್ ಇದೆ.